ಸಕ್ಕರೆ ಇಲ್ಲದ ಲಾಡು ಕಟ್ಟಿದ ಬೇಸಿಗೆ

ಮೊಮ್ಮಗಳು ಹುಟ್ಟಿದ್ದಾಳೆ. ತಾಯಿ, ಮಗು ಇಬ್ಬರೂ ಸುಖವಾಗಿದ್ದಾರೆ. ಮೂರು ಕೇಜಿಗೆ ಸ್ವಲ್ಪ ಕಡಿಮೆ ತೂಕ, ತಲೆ ತುಂಬ ಕೂದಲು, ಅಳು ಶುರು ಮಾಡಿದರೆ ವಾರ್ಡಿನ ಆಚೆ ತುದಿಯವರು ತಿರುಗಿ ನೋಡುತ್ತಿದ್ದರು. ನಾಲ್ಕು ದಿನದಿಂದ ಎದುರಿಗೆ ಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಹಾಲಿನವನಿಗೆ ಎರಡು ಸಲ ಹೇಳಿದೆನಂತೆ. "ಅಜ್ಜಾರ, ನಿನ್ನೇನ ಹೇಳೀರಿ" ಅಂದ. ಹೇಳಿದರೆ ಏನಾಯಿತು, ಇನ್ನೊಂದು ಸಲ ಕೇಳಲಿ.

ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಮೈ ಮಾತ್ರ ಸೋತುಹೋಗಿದೆ. ಯುಗಾದಿಯಿಂದ ಈಚೆಗೆ ಎಷ್ಟು ದಣಿದೆ ಅನ್ನುವುದು ಈಗ ಕೂತ ಮೇಲೆ ಗೊತ್ತಾಗುತ್ತಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದು ಅಲ್ಲಲ್ಲಿ ಸೊಟ್ಟ ಹೋಗಬಹುದು, ಆದರೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನನ್ನ ಕೆಲಸ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಂದು ಮಿಠಾಯಿ ಅಂಗಡಿಯ ಹಿಂದಿನ ಭಟ್ಟಿಯಲ್ಲಿ. ಬೂಂದಿ ಲಾಡು ನನ್ನ ಕೈಯದು. ಯುಗಾದಿ ಮುಗಿದ ವಾರ ಅಂಗಡಿಯ ಸಾವುಕಾರರು ಒಂದು ಬಿಳಿ ಡಬ್ಬಿ ತಂದು ನನ್ನ ಮುಂದಿಟ್ಟರು.

"ಉಸ್ತಾದ್, ಇದು ಸಕ್ಕರಿ ಅಲ್ಲ, ಸಕ್ಕರಿಗಿಂತ ಸಿಹಿ ಐತಿ. ಮಂದಿ ಬಂದು 'ಶುಗರ್ ಫ್ರೀ ಐತೇನ್ರಿ' ಅಂತ ಕೇಳಾಕತ್ತಾರ. ಇಲ್ಲ ಅಂದ್ರ ಎದುರಿನ ಅಂಗಡಿಗೆ ಹೋಕ್ಕಾರ. ನೀವು ಲಾಡು ಮಾಡಿಕೊಡ್ರಿ."

ಒಂದು ಕಾಳು ನಾಲಿಗೆಗೆ ಇಟ್ಟುಕೊಂಡೆ. ಖರೇ, ಹಲ್ಲು ಜುಮ್ಮೆನ್ನುವಷ್ಟು ಸಿಹಿ. ನೀರಿಗೆ ಹಾಕಿ ಕುದಿಸಿದೆ. ಕುದಿದ ಮೇಲೆ ರುಚಿ ನೋಡಿದರೆ ಬರೀ ಬಿಸಿನೀರು. ಸಿಹಿ ಎಲ್ಲಿಗೋ ಹೋಗಿಬಿಟ್ಟಿತ್ತು. ಸಾವುಕಾರರು ಇನ್ನಷ್ಟು ಹಾಕಿ ಅಂದರು. ಹಾಕಿದೆ. ಈ ಸಲ ನಾಲಿಗೆ ಹಿಂದೆ ಒಂದು ಥರದ ಕಹಿ ಕೂತುಕೊಂಡು, ಮಧ್ಯಾಹ್ನದ ಊಟದವರೆಗೂ ಹೋಗಲಿಲ್ಲ. ಆಮೇಲೆ ಡಬ್ಬಿ ಮಾರಿದವನನ್ನು ಕೇಳಿದರೆ, ಇದು ಬೆಂಕಿಗೆ ತಡೆಯುವ ಮಾಲಲ್ಲ, ಮೇಲಿಂದ ಉದುರಿಸುವಂಥದು ಅಂದನಂತೆ.

ಎರಡನೆಯದು ಮಂದನೆಯ ದ್ರವ, ಕ್ಯಾನಿನಲ್ಲಿ ಬಂತು. ಇದು ಪಾಕದ ಹಾಗೇ ಅಂಟುತ್ತಿತ್ತು. ಲಾಡು ಚೆನ್ನಾಗಿ ಬಂದವು, ನಾನು ಖುಷಿಪಟ್ಟೆ. ಸಾವುಕಾರರು ತಾವೇ ಐದು ತಿಂದರು. ಮರುದಿನ ಅಂಗಡಿಗೆ ಬಂದದ್ದು ಹನ್ನೊಂದು ಗಂಟೆಗೆ, ಮುಖ ಬಿಳಚಿಕೊಂಡಿತ್ತು. "ಉಸ್ತಾದ್, ಆ ಕ್ಯಾನ್ ತಗದು ಹೊರಗ ಇಡ್ರಿ" ಅಂದರು. ಅದು ಜಾಸ್ತಿ ಹೋದರೆ ಹೊಟ್ಟೆ ನಿಲ್ಲುವುದಿಲ್ಲವೆಂದು ಆ ಮೇಲೆ ಗೊತ್ತಾಯಿತು.

ಮೂರನೆಯದು ಮತ್ತೆ ಪುಡಿ. ಬೆಂಕಿಗೆ ತಡೆಯಿತು, ಹೊಟ್ಟೆಗೂ ತಡೆಯಿತು. ಆದರೆ ಇಲ್ಲಿ ನನ್ನ ಕಸುಬೇ ಕೈಕೊಟ್ಟಿತು. ಬೂಂದಿ ಲಾಡು ನಿಲ್ಲುವುದು ಪಾಕದ ಮೇಲೆ. ಸಕ್ಕರೆ ನೀರು ಕುದಿಯುತ್ತ ಬಂದಾಗ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹನಿ ಹಿಡಿದು ಬಿಡಿಸಿದರೆ ಎಳೆ ಬರಬೇಕು. ಈ ಪುಡಿ ಹಾಕಿದ ನೀರು ಎಷ್ಟು ಕುದಿಸಿದರೂ ನೀರೇ. ಬೆರಳು ಬಿಡಿಸಿದರೆ ಈ ಬೆರಳು ಬೇರೆ, ಆ ಬೆರಳು ಬೇರೆ. ಬೂಂದಿ ಒದ್ದೆಯಾಯಿತೇ ಹೊರತು ಒಂದಕ್ಕೊಂದು ಹತ್ತಲಿಲ್ಲ. ಉಂಡೆ ಕಟ್ಟಿ ತಟ್ಟೆಗಿಟ್ಟರೆ ಸಾವುಕಾರರು ಬಂದು ನೋಡುವಷ್ಟರಲ್ಲಿ ಮರಳಿನ ಹಾಗೆ ಕುಸಿದು ಬಿದ್ದಿರುತ್ತಿತ್ತು.

ಇನ್ನೊಂದು ತೊಂದರೆ. ಲಾಡುವಿನ ತೂಕದಲ್ಲಿ ಅರ್ಧ ಸಕ್ಕರೆಯೇ ಇರುತ್ತದೆ. ಒಂದು ಚಿಟಿಕೆ ಪುಡಿ ಸಿಹಿ ಕೊಡಬಹುದು, ಆ ಅರ್ಧ ಜಾಗ ತುಂಬುವುದಿಲ್ಲ. ಜಾಗಕ್ಕೆ ಏನಾದರೂ ಬೇಕಲ್ಲ. ಮಗಳನ್ನು ಕೊಟ್ಟ ಬೀಗರು ಸಿರುಗುಪ್ಪದಿಂದ ಕಳಿಸಿದ ಅಕ್ಕಿ ಮನೆಯಲ್ಲಿತ್ತು. ಅದನ್ನು ಹುರಿದು ಹಿಟ್ಟು ಮಾಡಿಸಿ ಸೇರಿಸಿದೆ, ಹಾಲಿನ ಪುಡಿ ಸೇರಿಸಿದೆ. ಕಟ್ಟಲು ಡಾಲ್ಡಾ ಕಾಯಿಸಿ ಹುಯ್ದೆ. ಆರಿದ ಮೇಲೆ ಡಾಲ್ಡಾ ಗಟ್ಟಿಯಾಗಿ ಉಂಡೆ ಕಲ್ಲಿನ ಹಾಗೆ ನಿಂತಿತು. ಮಧ್ಯಾಹ್ನ ಎರಡಕ್ಕೆ ನಮ್ಮ ಬಳ್ಳಾರಿ ಬಿಸಿಲಿಗೆ ಅದೇ ಉಂಡೆ ಕರಗಿ ಚಪ್ಪಟೆಯಾಯಿತು. ಇನ್ನಷ್ಟು ಡಾಲ್ಡಾ ಹಾಕಿದೆ. ಹೀಗೆ ಏಳೆಂಟು ಸಲ ಮಾಡಿ, ಕೆಡಿಸಿ, ಮಾಡಿ, ಕೊನೆಗೆ ಬಿಸಿಲಿಗೂ ಬಗ್ಗದ ಲಾಡು ಬಂತು. ಕೈ ತೊಳೆದರೆ ಜಿಡ್ಡು ಹೋಗುತ್ತಿರಲಿಲ್ಲ, ಕಡಲೆಹಿಟ್ಟು ಉಜ್ಜಿ ತೊಳೆಯಬೇಕಾಗುತ್ತಿತ್ತು. ಅದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ಈ ವಯಸ್ಸಿನಲ್ಲಿ ಹೊಸದೊಂದನ್ನು ಗೆದ್ದೆ ಎಂಬ ಹೆಮ್ಮೆ ಇತ್ತು.

ಸಾವುಕಾರರು ಬೋರ್ಡು ಬರೆಸಿದರು: 'ಸಕ್ಕರೆ ಇಲ್ಲದ ಲಾಡು. ಸಕ್ಕರೆ ಕಾಯಿಲೆಯವರಿಗೆ'. ಮಂದಿ ಮುಗಿಬಿದ್ದರು. ಮೊದಲು ಕಾಲು ಕೇಜಿ ಒಯ್ಯುತ್ತಿದ್ದವರು ಇದನ್ನು ಒಂದು ಕೇಜಿ ಒಯ್ಯತೊಡಗಿದರು. ಒಬ್ಬ ದಪ್ಪನೆಯ ಹೆಂಗಸು ನಿಂತಲ್ಲೇ ಮೂರು ತಿಂದು, "ಚಕ್ಕೆರ ಲೇದು ಕದಾ, ಭಯಂ ಲೇದು" ಎಂದು ನಾಲ್ಕನೆಯದು ಎತ್ತಿಕೊಂಡದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಸಕ್ಕರೆ ಇಲ್ಲವಲ್ಲ, ಭಯವೇಕೆ ಅಂತ ಅವಳ ಲೆಕ್ಕ.

ಅದೇ ದಿನಗಳಲ್ಲಿ ಸಿರುಗುಪ್ಪದಿಂದ ಮಗಳ ಫೋನು ಬಂತು. ಅವಳಿಗೆ ಆಗ ಆರು ತಿಂಗಳು. ರಕ್ತ ನೋಡಿದರೆ ಬಸುರಿನ ಸಕ್ಕರೆ ಕಾಯಿಲೆ ಅಂದರಂತೆ. ಇವಳ ಮೊದಲಿನ ಬಸುರು ಎಂಟನೇ ತಿಂಗಳಿಗೆ ಹೋಗಿತ್ತು. ಹೊಟ್ಟೆಯಲ್ಲೇ ಹೋಗಿತ್ತು. ಏನು ಕಾರಣ ಅಂತ ಆಗ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಆ ಹೆದರಿಕೆಯನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ.

"ಯಪ್ಪಾ, ಸಿಹಿ ಮುಟ್ಟಬ್ಯಾಡ ಅಂದಾರ. ನನಗ ಅದನ್ನ ಬಿಟ್ಟು ಬ್ಯಾರೆ ಏನೂ ತಿನ್ನಬೇಕು ಅನ್ಸವಲ್ದು" ಅಂತ ಅತ್ತಳು.

"ಅಳಬ್ಯಾಡ ನನ್ನವ್ವ. ನಿಮ್ಮಪ್ಪ ಸತ್ತಿಲ್ಲ. ನಿನಗಂತನ ಮಾಡ್ದಂಗೈತಿ, ಕಳಿಸ್ತೀನಿ ತಡಿ" ಅಂದೆ.

ಪ್ರತಿ ಗುರುವಾರ ಒಂದು ಡಬ್ಬಿ ತುಂಬಿ ಸಿರುಗುಪ್ಪದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಐದು ಗುರುವಾರ ಹೀಗೆ ಹೋಯಿತು.

ಆರನೆಯ ವಾರ ಕುರುಗೋಡಿನ ಮೇಷ್ಟ್ರು ಬಂದರು. ನಿವೃತ್ತರಾದವರು, ನಮ್ಮ ಲಾಡುವಿನ ಗಿರಾಕಿ. ಬೆಳಿಗ್ಗೆ ಎಂಟಕ್ಕೆ ಅಂಗಡಿ ಬಾಗಿಲು ತೆಗೆಯುವುದನ್ನೇ ಕಾಯುತ್ತಿದ್ದರು, ಕೈಯಲ್ಲಿ ಒಂದು ಚಿಕ್ಕ ಚೀಲ. "ಲಾಡು ಕಟ್ಟೋರು ಯಾರು? ಕರೀರಿ ಅವರನ್ನ" ಅಂದರು. ನಾನು ಕೈ ಒರೆಸಿಕೊಂಡು ಬಂದೆ.

"ಇದರಾಗ ಸಕ್ಕರಿ ಐತೇನು?"

"ಇಲ್ರಿ ಮೇಷ್ಟ್ರ. ನನ್ನ ಮೊಮ್ಮಕ್ಕಳ ಆಣಿ."

"ಎಷ್ಟು ಮೊಮ್ಮಕ್ಕಳು?"

"ಇನ್ನೂ ಆಗಿಲ್ರಿ."

"ಹಂಗಾದ್ರ ಆಣಿ ಲೆಕ್ಕಕ್ಕಿಲ್ಲ. ಕುಂದರ್ರಿ ಇಲ್ಲಿ."

ಚೀಲದಿಂದ ಒಂದು ಸಣ್ಣ ಮಿಷನ್ನು ತೆಗೆದರು. ಬೆರಳಿಗೆ ಚುಚ್ಚಿ ರಕ್ತದ ಹನಿ ಪಟ್ಟಿಗೆ ಹಚ್ಚಿದರು. ಬೆಳಗಿನಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲ ಅಂದರು. ಬಂದ ಅಂಕಿಯನ್ನು ಸಾವುಕಾರರಿಗೂ ನನಗೂ ತೋರಿಸಿದರು, ನೂರಾ ಇಪ್ಪತ್ತು ಚಿಲ್ಲರೆ. ಆಮೇಲೆ ನಮ್ಮದೇ ಡಬ್ಬದಿಂದ ಎರಡು ಲಾಡು ತೆಗೆದು, ಔಷಧ ತಿಂದ ಹಾಗೆ ತಿಂದರು. ಎಣ್ಣೆ ಡಬ್ಬದ ಮೇಲೆ ಪೇಪರ್ ಬಿಡಿಸಿ ಕೂತರು. ಸಾವುಕಾರರು ಚಹಾ ತರಿಸಲೇ ಅಂದರೆ, "ಏನೂ ಬ್ಯಾಡ. ಚಹಾ ಕುಡಿಸಿ ಅದರ ಮ್ಯಾಲೆ ತಪ್ಪು ಹಾಕೀರಿ" ಅಂದರು. ಹಾಗೇ ಒಂದೂವರೆ ತಾಸು ಕೂತರು. ಮತ್ತೆ ಚುಚ್ಚಿದರು. ಇನ್ನೂರು ದಾಟಿತ್ತು.

ಸಾವುಕಾರರು ಮಿಷನ್ನು ಕೆಟ್ಟಿರಬೇಕು ಅಂದರು. ಮೇಷ್ಟ್ರು ಅವರ ಕಡೆ ನೋಡದೆ ನನ್ನನ್ನೇ ಕೇಳಿದರು:

"ಸಕ್ಕರಿ ತಗದ್ರಿ, ಒಪ್ಪಿದೆ. ಆ ಜಾಗಕ್ಕ ಏನ್ ಹಾಕಿದ್ರಿ?"

"ಹುರಿದ ಅಕ್ಕಿ ಹಿಟ್ರಿ. ಹಾಲಿನ ಪುಡಿ. ಡಾಲ್ಡಾ."

"ಅಕ್ಕಿ ಹೊಟ್ಟ್ಯಾಗ ಹೋದ ಮ್ಯಾಲೆ ಏನಾಕ್ಕೈತಿ?"

ಗೊತ್ತಿಲ್ಲ ಅಂದೆ. ನಿಜವಾಗಿ ಗೊತ್ತಿರಲಿಲ್ಲ.

"ಸಕ್ಕರೀನ ಆಕ್ಕೈತಿ. ಡಾಲ್ಡಾ ನಡಾ ಸುತ್ತ ಕುಂದರತೈತಿ, ಎದಿಗೂ ಹೋಕ್ಕೈತಿ. ತಿಂಗಳೊಪ್ಪತ್ತಿನಾಗ ನನ್ನ ಪ್ಯಾಂಟು ಹಿಡಿಸವಲ್ದು. ನಾನರ ದಿನಾ ಎರಡ ತಿಂದೀನಿ. ಇದನ್ನ ನಂಬಿ ನಾಕು ತಿನ್ನೋರ ಗತಿ ಏನು?"

ಅವರು ಹೇಳಿದ್ದು ಮಂದಿಯ ಮಾತು. ನನ್ನ ಕಣ್ಣ ಮುಂದೆ ಬಂದದ್ದು ಮಗಳು. ಭಟ್ಟಿ ಆರಿಸಿ, ಸಾವುಕಾರರಿಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ, ಬಸ್ ಸ್ಟ್ಯಾಂಡಿಗೆ ನಡೆದೆ. ಅಂಗಿಯ ಮೇಲೆ ಕಡಲೆಹಿಟ್ಟು ಹಾಗೇ ಇತ್ತು.

ಸಿರುಗುಪ್ಪದ ಮನೆಗೆ ಹೋದಾಗ ಅಲ್ಲಿ ಜಗಳ ನಡೆದಿತ್ತು. ಬೆಳಿಗ್ಗೆ ಆಸ್ಪತ್ರೆಗೆ ತೋರಿಸಿ ಬಂದಿದ್ದರು. ಸಕ್ಕರೆ ಏರಿದೆ, ಮಗಳ ತೂಕ ಬೇಕಾದ್ದಕ್ಕಿಂತ ಜಾಸ್ತಿ ಏರಿದೆ, ಮಗುವೂ ತಿಂಗಳಿಗೆ ಮೀರಿ ಬೆಳೆಯುತ್ತಿದೆ, ಹೀಗೇ ಆದರೆ ಕಷ್ಟ, ಇನ್ಸುಲಿನ್ ಸೂಜಿ ಶುರು ಮಾಡಬೇಕು ಅಂದಿದ್ದರು. ಮಗಳು ಗೋಡೆಗೆ ಒರಗಿ ಕೂತಿದ್ದಳು, ಕಾಲು ಬಾತಿದ್ದವು. ಅಳಿಯ ಬಾಗಿಲ ಬಳಿ ನಿಂತಿದ್ದ. ಬೀಗಿತಿ ನನ್ನನ್ನು ಕಂಡದ್ದೇ ತಡ:

"ಬರ್ರಿ ಬೀಗರ, ಸರಿಯಾದ ಹೊತ್ತಿಗೆ ಬಂದ್ರಿ. ನಿಮ್ಮ ಮಗಳನ್ನ ನೀವ ಕೇಳ್ರಿ. ಕದ್ದು ಏನ್ ತಿಂತಾಳ ಅಂತ ಕೇಳ್ರಿ. ಮೊದಲನೇದು ಕಳಕೊಂಡ ಮ್ಯಾಲೂ ಬುದ್ಧಿ ಬಂದಿಲ್ಲ ಈಕಿಗೆ."

"ನಾ ಏನೂ ತಿಂದಿಲ್ಲ ಯಪ್ಪಾ" ಅಂದಳು ಮಗಳು.

"ಲಾಡು ಎಲ್ಲದಾವ?" ಎಂದು ಕೇಳಿದೆ. ಬೀಗಿತಿ ಅಲಮಾರಿಯ ಬೀಗ ತೆಗೆದು ಡಬ್ಬಿ ತೋರಿಸಿದಳು. ಹಿಂದಿನ ಗುರುವಾರದ್ದು, ತಳದಲ್ಲಿ ಮೂರು ಉಳಿದಿದ್ದವು.

ನಮ್ಮ ಕಡೆ ತವರಿನಿಂದ ಬಸುರಿಗೆ ಬಯಕೆ ಬುತ್ತಿ ಹೋದರೆ ಅತ್ತೆಯಾದವಳು ಅದನ್ನು ಓಣಿಗೆಲ್ಲ ಹಂಚುತ್ತಾಳೆ. ತವರಿನವರು ಏನು ಕಳಿಸಿದರು ಅಂತ ನಾಲ್ಕು ಮಂದಿಗೆ ಗೊತ್ತಾಗಬೇಕಲ್ಲ. ಕೊನೆಗೆ ಬಸುರಿಯ ಪಾಲಿಗೆ ಉಳಿಯುವುದು ಒಂದೋ ಎರಡೋ.

"ಹಂಚಲಿಲ್ಲೇನ್ರಿ ಬೀಗಿತಿ?"

"ಔಷಧ ಹಂಚ್ತಾರೇನ್ರಿ? ಆಕಿಗಂತ ಮಾಡಿದ್ದು, ಆಕಿಗ ಇರಲಿ ಅಂತ ನಾನ ಬೀಗ ಹಾಕಿಟ್ಟೀನಿ. ಮುಂಜಾನಿ ಎರಡು, ಸಂಜಿಗೆ ಎರಡು ನನ್ನ ಕೈಯಾರ ಕೊಟ್ಟೀನಿ. ನನ್ನ ಮಗನಿಗೆ ಒಂದು ಕೊಟ್ಟಿಲ್ಲ."

ಬೀಗಿತಿ ಪ್ರೀತಿಯಿಂದ ಮಾಡಿದ್ದು. ನಾನೂ ಪ್ರೀತಿಯಿಂದ ಕಳಿಸಿದ್ದು. ಆ ಹೊತ್ತು ನಾನು ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಡಬ್ಬಿ ಮೆಲ್ಲಗೆ ತೆಗೆದುಕೊಂಡು, ಇನ್ನು ಮೇಲೆ ಕಳಿಸುವುದಿಲ್ಲ ಅಂತ ಬಂದುಬಿಡಬಹುದಾಗಿತ್ತು. ಉಸ್ತಾದ್ ಅನ್ನುವ ಹೆಸರು ಉಳಿಯುತ್ತಿತ್ತು, ಕದ್ದು ತಿಂದವಳು ಅನ್ನುವ ಹೆಸರು ಮಗಳಿಗೆ ಉಳಿಯುತ್ತಿತ್ತು. ಆದರೂ ಹೇಳಿದೆ.

"ಆಕಿ ಏನೂ ಕದ್ದಿಲ್ಲ. ತಪ್ಪು ನಂದು. ಈ ಲಾಡಿನಾಗ ಸಕ್ಕರಿ ಒಂದ ಇಲ್ಲ, ಉಳದದ್ದೆಲ್ಲಾ ಐತಿ. ನಿಮ್ಮ ಅಕ್ಕಿ, ನನ್ನ ಡಾಲ್ಡಾ. ನಾನ ತಿನ್ನಿಸೀನಿ ಆಕಿಗೆ."

ಬೀಗಿತಿ ಡಬ್ಬಿ ಕೆಳಗಿಟ್ಟಳು. ಆಮೇಲೆ ಸೊಸೆಯ ಪಕ್ಕ ಹೋಗಿ ಕೂತಳು. ಅವಳ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು.

ಅದೇ ಮಧ್ಯಾಹ್ನ ಅಳಿಯನೂ ನಾನೂ ಉಳಿದ ಮೂರು ಲಾಡು ಹಿಡಿದುಕೊಂಡು ಆಸ್ಪತ್ರೆಗೆ ಹೋದೆವು. ಊಟದ ಪಥ್ಯ ಹೇಳುವ ಒಬ್ಬ ನರ್ಸಮ್ಮ ಇದ್ದರು. ಯಾವುದು ಎಷ್ಟು ಅಂತ ಕೇಳಿದರು. ಹೇಳಿದೆ. ಅವರು ಬರೆದುಕೊಂಡು, ಒಂದು ಲಾಡು ಕಾಗದದ ಮೇಲೆ ಒತ್ತಿದರು. ಕಾಗದದ ಆಚೆ ಬದಿ ಕಾಣುವಷ್ಟು ಜಿಡ್ಡು ಇಳಿಯಿತು.

"ಅಜ್ಜಾರ, ಆ ಪುಡಿ ವಿಷ ಅಲ್ಲ. ದೊಡ್ಡೋರು ಚಹಾದಾಗ ಚಿಟಿಕಿ ಹಾಕ್ಕೊಂಡ್ರ ಒಂದು ಚಮಚ ಸಕ್ಕರಿ ಉಳಿತೈತಿ, ಅಷ್ಟ ಅದರ ಕೆಲಸ. ಬಸುರಿ ಹೆಂಗಸಿಗೆ ಕೇಳದ ಕೊಡಬಾರದು. ಅದನ್ನ ಹಾಕಿದ್ದಕ್ಕ ಉಂಡಿ ಹಗರ ಆಗೋದಿಲ್ಲ. ಎಣ್ಣಿ, ತುಪ್ಪ, ಡಾಲ್ಡಾ ಎಲ್ಲಾ ತೂಕ ಕೂಡಸ್ತಾವ. ಅದರಾಗ ಡಾಲ್ಡಾ ಬ್ಯಾಡ ಬಿಡ್ರಿ."

"ಹಂಗಾದ್ರ ಏನ್ ಉಣ್ಣಬೇಕ್ರಿ ಆಕಿ?"

"ನೀವು ಅಡಿಗಿಯವರಲ್ಲೇನು? ನಾ ಬರದು ಕೊಡ್ತೀನಿ, ನೀವ ಮಾಡಿ ಹಾಕ್ರಿ."

ಹೀಗೆ ನನ್ನ ಎರಡನೆಯ ಕೆಲಸ ಶುರುವಾಯಿತು. ಮೊದಲನೆಯದಕ್ಕಿಂತ ಇದೇ ಹೆಚ್ಚು ಸುಸ್ತು ಮಾಡಿತು. ಬಳ್ಳಾರಿಗೆ ಬಂದು ಸಾವುಕಾರರಿಗೆ ಹೇಳಿದೆ: ಬೋರ್ಡಿನಿಂದ 'ಸಕ್ಕರೆ ಕಾಯಿಲೆಯವರಿಗೆ' ಅನ್ನುವುದನ್ನು ಅಳಿಸಿ, ಏನೇನು ಹಾಕಿದೆ ಅಂತ ಬರೆಯಿರಿ, ಇಲ್ಲದಿದ್ದರೆ ನಾನು ಕಟ್ಟುವುದಿಲ್ಲ.

"ಸುಳ್ಳು ಬರದೀವೇನು ಉಸ್ತಾದ್? ಸಕ್ಕರಿ ಇಲ್ಲ ಅಂದೀವಿ, ಇಲ್ಲ."

"ಸುಳ್ಳಲ್ರಿ. ಆದ್ರ ಮಂದಿ ಅದನ್ನ ಓದಿ ಬ್ಯಾರೇನ ತಿಳಕೊಳ್ಳಾಕತ್ತಾರ. ನಾ ಮಾಡಿದವನ ಹಂಗ ತಿಳಕೊಂಡಿದ್ದೆ."

ಅವರು ಯೋಚಿಸುತ್ತೇನೆ ಅಂದರು. ನಾನು ರಜೆ ಹಾಕಿ ಮಗಳನ್ನು ಮನೆಗೆ ಕರೆತಂದೆ. ಎಂಟನೇ ತಿಂಗಳು ಬಿದ್ದಿತ್ತು.

ಜೀವಮಾನವೆಲ್ಲ ಎಣ್ಣೆಯನ್ನು ಡಬ್ಬದಿಂದ ಬಗ್ಗಿಸಿದ ಕೈ ಇದು. ಈಗ ಚಹಾ ಚಮಚದಲ್ಲಿ ಅಳೆಯಬೇಕಾಯಿತು, ಒಗ್ಗರಣೆಗೆ ಒಂದು ಚಮಚ ಶೇಂಗಾ ಎಣ್ಣೆ, ಅಷ್ಟೇ. ಮೊದಲ ದಿನ ಸಾಸಿವೆ ಸಿಡಿಯದೆ ಹೊತ್ತಿಹೋಯಿತು. ಹೆಂಡತಿ ನಕ್ಕಳು: "ಊರಿಗೆಲ್ಲ ಮಿಠಾಯಿ ಮಾಡೋ ಉಸ್ತಾದಗ ಒಂದು ಪಲ್ಯ ಮಾಡಾಕ ಬರವಲ್ದು." ಬೆಳಿಗ್ಗೆ ಜೋಳದ ರೊಟ್ಟಿ ಒಂದು, ಜೊತೆಗೆ ಕಾಳು ಪಲ್ಯ. ನಡುವೆ ಮಜ್ಜಿಗೆ. ಮಧ್ಯಾಹ್ನ ಅನ್ನ ಒಂದು ಮುಷ್ಟಿ, ಸೊಪ್ಪು ಎರಡು ಮುಷ್ಟಿ. ಸಂಜೆಗೆ ಹೆಸರುಕಾಳು, ಕೆಲವೊಮ್ಮೆ ಒಂದು ಹಿಡಿ ಹುರಿದ ಶೇಂಗಾ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡಬೇಕು, ಹೆಂಡತಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ನಾನೇ ಚುಚ್ಚುತ್ತಿದ್ದೆ. ಇನ್ಸುಲಿನ್ ಸೂಜಿಯನ್ನು ಮಗಳು ತಾನೇ ಹಾಕಿಕೊಳ್ಳುವುದು ಕಲಿತಳು. ಊಟವಾದ ಮೇಲೆ ಅವಳ ಜೊತೆ ಸತ್ಯನಾರಾಯಣಪೇಟೆಯ ಕಡೆಗೆ ಹೋಗಿ ಬರುವಷ್ಟು ನಡೆಯುವುದು. ಅವಳಿಗೆ ಏದುಸಿರು, ನನಗೆ ಮೊಣಕಾಲು ನೋವು. ಯಾರು ಯಾರನ್ನು ನಡೆಸುತ್ತಿದ್ದರೋ.

ಎಲ್ಲ ಸರಿ ಮಾಡಿದ ದಿನವೂ ಅಂಕಿ ಏರುತ್ತಿತ್ತು. ಒಂದು ದಿನ ಅವಳು ತಟ್ಟೆ ತಳ್ಳಿ, "ಸಾಕಾತು ಯಪ್ಪಾ. ನನಗ ಇದು ಆಗೋದಿಲ್ಲ" ಅಂದಳು. ಪಕ್ಕದಲ್ಲಿ ನನ್ನ ತಟ್ಟೆಗೂ ಅದೇ ಸಪ್ಪನೆಯ ಪಲ್ಯ ಹಾಕಿಕೊಂಡು ಕೂತೆ. ನಾನು ಅರ್ಧ ಉಂಡ ಮೇಲೆ ಅವಳು ತಟ್ಟೆ ಎಳೆದುಕೊಂಡಳು. ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಅದೇ ಅಡುಗೆ. ಮೂರನೆಯ ವಾರದಿಂದ ಅಂಕಿ ತಗ್ಗಿ ನಿಂತಿತು. ಮಗು ಹದವಾಗಿ ಬೆಳೆಯುತ್ತಿದೆ ಅಂತ ಡಾಕ್ಟರು ಅಂದರು. ಎಂಟನೇ ತಿಂಗಳು ದಾಟಿದ ದಿನ ಕ್ಯಾಲೆಂಡರಿನ ಹಾಳೆ ಹರಿದು ಹೆಂಡತಿ ಒಲೆಗೆ ಹಾಕಿದಳು, ಅಷ್ಟೇ.

ಅಂಗಡಿಯ ವಿಷಯ ಪೂರ್ತಿ ಬಗೆಹರಿದಿಲ್ಲ. ಸಾವುಕಾರರು ಬೋರ್ಡಿನ ಅರ್ಧ ಅಳಿಸಿದ್ದಾರೆ, ಏನೇನು ಹಾಕಿದೆ ಅಂತ ಬರೆದಿಲ್ಲ. ಬೇರೆ ಯಾರೋ ಕಟ್ಟುತ್ತಿದ್ದಾರೆ. ಅದನ್ನು ಬಾಣಂತನ ಮುಗಿದ ಮೇಲೆ ನೋಡಿಕೊಳ್ಳುತ್ತೇನೆ.

ಹೆರಿಗೆಯಾದದ್ದು ಬೆಳಿಗ್ಗೆ ಹತ್ತರ ಸುಮಾರಿಗೆ. ಹೆಣ್ಣು ಅಂತ ಬಂದು ಹೇಳಿದರು. ಕುಣಿಯಬೇಕೆಂದು ಎದ್ದೆ, ಅಷ್ಟರಲ್ಲಿ ಮಗುವಿನ ರಕ್ತದ ಸಕ್ಕರೆ ನೋಡಬೇಕು ಅಂದರು. ತಾಯಿಗೆ ಸಕ್ಕರೆ ಇದ್ದರೆ ಹುಟ್ಟಿದ ಕೂಸಿಗೆ ತೀರ ಇಳಿದುಬಿಡುವುದುಂಟಂತೆ. ಅಷ್ಟು ಸಣ್ಣ ಹಿಮ್ಮಡಿಗೆ ಸೂಜಿ. ಒಂದು ಸಲವಲ್ಲ, ಸಂಜೆಯವರೆಗೆ ಮತ್ತೆ ಮತ್ತೆ. ಪ್ರತಿ ಸಲ ಅದು ಕಿರುಚಿದಾಗ ಬೀಗಿತಿ ನನ್ನ ತೋಳು ಹಿಡಿಯುತ್ತಿದ್ದಳು. ಉಗುರಿನ ಗುರುತು ಇನ್ನೂ ಇದೆ. ಐದು ಗಂಟೆಗೆ ಹೊರಗೆ ಬಂದ ನರ್ಸು, "ಎಲ್ಲಾ ಸರಿ ಐತ್ರಿ, ತಾಯಿ ಹಂತ್ಯಾಕ ಕೊಟ್ಟೀವಿ" ಅಂದಳು. ಬೆಂಚಿನ ಮೇಲೆ ಕೂತವನಿಗೆ ನಗು ಬಂತು. ಅಳಿಯ ಕೈ ಹಿಡಿದು ಎಬ್ಬಿಸಿದ.

ಸಂಜೆಗೆ ಬೀಗಿತಿ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಕೆನೆ ತೆಗೆದ ಮೊಸರು. ಬೆಳಗಿನಿಂದ ಯಾರೂ ಏನೂ ತಿಂದಿರಲಿಲ್ಲ. ವಾರ್ಡಿನ ಆಯಾ ಬಂದು, "ಒಬ್ರ ಇರಬೇಕು ಇಲ್ಲಿ, ಏನ್ ಮದುವಿ ಊಟ ಹಚ್ಚೀರಿ?" ಎಂದು ಗದರಿದಳು. ಬೀಗಿತಿ ಅವಳ ಕೈಗೆ ಒಂದು ರೊಟ್ಟಿ ಪಲ್ಯ ಇಟ್ಟಳು. "ಲಗೂ ಮುಗಸ್ರಿ" ಎಂದು ಆಯಾ ಅತ್ತ ಹೋದಳು. ಮಗಳು ಮಂಚದ ಮೇಲೆ, ನಾನು, ಹೆಂಡತಿ, ಅಳಿಯ, ಬೀಗಿತಿ ನಾಲ್ಕೂ ಮಂದಿ ಕೆಳಗೆ ಟವೆಲ್ಲು ಹಾಸಿಕೊಂಡು ಉಣ್ಣಲು ಕೂತೆವು.

ನಾನು ಎರಡನೆಯ ರೊಟ್ಟಿ ಮುರಿಯುವಾಗ ಕೂಸು ಅತ್ತಿತು. ನಾಲ್ಕೂ ಮಂದಿ ಎಂಜಲು ಕೈಯಲ್ಲೇ ಎದ್ದು ನಿಂತೆವು.

"ಕುಂದರ್ರಿ, ಉಣ್ರಿ" ಅಂದಳು ಮಗಳು. "ಅದಕ್ಕೂ ಹಸವಾಗೈತಿ, ಅಷ್ಟ."

ಸೆರಗು ಮರೆ ಮಾಡಿ ಕೂಸನ್ನು ಎದೆಗೆ ಹಚ್ಚಿಕೊಂಡಳು. ಇನ್ನೊಂದು ಕೈಯಲ್ಲಿ ತನ್ನ ರೊಟ್ಟಿ ತುತ್ತು ಮಾಡಿಕೊಂಡಳು. ಅಳು ನಿಂತಿತು. ನಾವು ಮತ್ತೆ ಕೂತು ತಟ್ಟೆಗೆ ಕೈ ಹಾಕಿದೆವು. ಆರೂ ಜನ ಉಣ್ಣುತ್ತಿದ್ದೆವು.